ಎಲ್ಪೀದಿಯಾಳ ಎಡಗೆನ್ನೆ

ಇಸ್ತ್ರಿ ಮಾಡಿ ಕಾದ ಮೈಗೆ ತಣ್ಣನೆಯದು ಸೋಕಬಾರದು. ಸೋಕಿದರೆ ಬಾಯಿ ಸೊಟ್ಟಗಾಗುತ್ತದೆ, ಒಂದು ಕಣ್ಣು ಮುಚ್ಚಲು ಬರುವುದಿಲ್ಲ, ಬೆರಳು ಸೆಟೆದುಕೊಳ್ಳುತ್ತವೆ. ಪುಯೆಬ್ಲಾ ಊರಿನ ಶನೆನೆತ್ಲಾ ಕೇರಿಯಲ್ಲಿ ಹಾಲುಕುಡಿಯುವ ಮಕ್ಕಳನ್ನು ಬಿಟ್ಟರೆ ಮಿಕ್ಕವರೆಲ್ಲ ಇದನ್ನು ಬಲ್ಲರು. ಬಲ್ಲರು ಅಂದ ಮಾತ್ರಕ್ಕೆ ಪಾಲಿಸುತ್ತಾರೆ ಅಂತಲ್ಲ. ಇಸ್ತ್ರಿ ಮುಗಿಸಿ ಹಿಂದುಮುಂದು ನೋಡದೆ ನಲ್ಲಿ ತಿರುಗಿಸುವವರು ಈಗ ಬೇಕಾದಷ್ಟು ಜನ ಇದ್ದಾರೆ. ಎಲ್ಪೀದಿಯಾ ಮಾತ್ರ ಆ ಪೈಕಿಯಲ್ಲ. ಅವಳ ಸೋದರತ್ತೆ ತೊಮಾಸಾ ಅಂಗಿಗಳ ರಾಶಿ ಇಸ್ತ್ರಿ ಮಾಡಿದ ಕೈಯಲ್ಲೇ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದಳಂತೆ. ಮಾರನೆಯ ಬೆಳಿಗ್ಗೆ ಮುಖದ ಒಂದು ಪಕ್ಕ ಜೋತುಬಿದ್ದಿತ್ತು. ಸಾಯುವವರೆಗೂ ಅವಳು ಕುಡಿದ ಜೋಳದ ಗಂಜಿ ಅರ್ಧ ಹೊಟ್ಟೆಗೆ, ಅರ್ಧ ಶಾಲಿಗೆ. ಆರು ವರ್ಷದವಳಿದ್ದಾಗಲೇ ಅದನ್ನು ಕಣ್ಣಾರೆ ಕಂಡ ಎಲ್ಪೀದಿಯಾಳ ಮುಂದೆ ಯಾರಾದರೂ ಇದೆಲ್ಲ ಮೂಢನಂಬಿಕೆ ಅಂದರೋ, ಮುಗಿಯಿತು. ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಅವರ ಮೂಗಿನ ಹತ್ತಿರ ಹಿಡಿದು, "ತಗೋ, ನಾಲ್ಕು ಅಂಗಿ ಉಜ್ಜಿ ಮುಖ ತೊಳ್ಕೊಂಡು ಬಾ, ನೋಡೇಬಿಡೋಣ" ಎನ್ನುತ್ತಿದ್ದಳು. ಹಾಗೆ ತೊಳೆದುಕೊಂಡು ಬಂದವರು ಯಾರೂ ಇಲ್ಲ.

ವಾರದಲ್ಲಿ ಆರು ದಿನ ಅವಳು ಇಸ್ತ್ರಿ ಮಾಡುತ್ತಿದ್ದಳು. ಅಂದರೆ ವಾರದಲ್ಲಿ ಆರು ದಿನ ಆ ಮನೆಯಲ್ಲಿ ಪಾತ್ರೆ ತೊಳೆದವನು, ಟೊಮೇಟೊ ತೊಳೆದವನು, ಅಂಗಳಕ್ಕೆ ನೀರು ಚಿಮುಕಿಸಿದವನು ಅವಳ ಗಂಡ ಹೆರ್ಮಿಲೊ. ಕೇರಿಯವರು ಒಂದಷ್ಟು ವರ್ಷ ನಕ್ಕರು, ಆಮೇಲೆ ಸುಸ್ತಾಗಿ ಬಿಟ್ಟರು. ಎದುರುಮನೆಯ ಚೋಲೆ ಬಿಟ್ಟವಳಲ್ಲ. ಮೂಲೆಯಲ್ಲಿ ತಮಾಲೆ ಎಂಬ ಜೋಳದ ಕಡುಬು ಮಾರುತ್ತಿದ್ದ ಆ ಹೆಂಗಸಿಗೆ ವ್ಯಾಪಾರಕ್ಕಿಂತ ಬೀದಿಯವರ ಸಂಸಾರದ ಮೇಲೇ ಹೆಚ್ಚು ಕಣ್ಣು.

"ಏನ್ ಹೆರ್ಮಿಲೊ, ಇವತ್ತೂ ಮುಸುರೆ ನಿನ್ ಪಾಲಿಗೇನಾ? ಎಲ್ಪೀದಿಯಾಗೆ ಒಳ್ಳೇ ಸೊಸೆ ಸಿಕ್ಕಿದೀಯ ಬಿಡು!"

"ಸೊಸೆ ಆದ್ರೇನಕ್ಕ, ಅತ್ತೆ ಕಾಟ ಇಲ್ಲ. ಎದುರುಮನೆ ಕಾಟ ಒಂದೇ," ಎಂದು ಹೆರ್ಮಿಲೊ ಬಾಣಲೆ ಉಜ್ಜುತ್ತಿದ್ದ.

ಅವನ ಕಸಬು ಕ್ಷೌರ. ಬೀದಿ ಕಡೆಯ ಕೋಣೆಯ ಮುಂದಿನ ಅರ್ಧ ಅವನದು, ಹಿಂದಿನ ಅರ್ಧ ಅವಳದು. ಮುಂದೆ ಕಬ್ಬಿಣದ ಕಾಲಿನ ಕುರ್ಚಿ, ಕನ್ನಡಿ, ಸೋಪಿನ ಬಟ್ಟಲು. ಹಿಂದೆ ಇಸ್ತ್ರಿ ಮೇಜು, ಗಂಜಿ ಹಾಕಿದ ಬಟ್ಟೆಯ ಬುಟ್ಟಿಗಳು. ದಿನವಿಡೀ ನೊರೆ, ನೀರು, ಒದ್ದೆ ಟವೆಲ್ಲಿನಲ್ಲಿ ಆಡುತ್ತಿದ್ದ ಅವನ ಕೈ ಯಾವಾಗಲೂ ತಣ್ಣಗೆ. ಅವಳ ಮೈ ಯಾವಾಗಲೂ ಬಿಸಿ. ಅವನು ಹಾದುಹೋಗುವಾಗ ಭುಜಕ್ಕೆ ಕೈ ತಗುಲಿದರೂ ಸಾಕು, "ದೂರ! ಇಸ್ತ್ರಿ ಮೈ!" ಎಂದು ಅವಳು ಚೀರುತ್ತಿದ್ದಳು. ಮದುವೆಯಾದ ಮೊದಲ ವಾರವೇ ಅವಳು ಹಾಕಿದ ಕಟ್ಟಳೆ ಇದು. ಭಾನುವಾರ ಅವನ ಕೈ ಅವಳದು. ಸೋಮವಾರದಿಂದ ಶನಿವಾರದವರೆಗೆ ಕೈ ಇಲ್ಲ.

ಹಾಗಾಗಿ ಆರು ದಿನ ಅವನಿಗೆ ಉಳಿದದ್ದು ನೋಟ ಒಂದೇ. ಅದಕ್ಕೂ ಅವನು ದಾರಿ ಮಾಡಿಕೊಂಡ. ಕನ್ನಡಿಯನ್ನು ಒಂದಿಷ್ಟು ಓರೆಯಾಗಿ ತೂಗುಹಾಕಿದ. ಕುರ್ಚಿಯ ಹಿಂದೆ ನಿಂತು ಕತ್ತರಿ ಆಡಿಸುತ್ತಿದ್ದರೆ ಕನ್ನಡಿಯಲ್ಲಿ ಗಿರಾಕಿಯ ಅರ್ಧ ಮುಖ, ಎಲ್ಪೀದಿಯಾಳ ಪೂರ್ತಿ ಮುಖ. 

"ಅಲ್ಲಯ್ಯ, ಕನ್ನಡೀಲಿ ನಂದು ಒಂದೇ ಕಿವಿ ಕಾಣುತ್ತಲ್ಲ?" ಎಂದು ಗಿರಾಕಿಗಳು ಗೊಣಗುತ್ತಿದ್ದರು.

"ಇನ್ನೊಂದು ಅಲ್ಲೇ ಇದೆ, ನಾನು ನೋಡ್ಕೊಂಡಿದೀನಿ. ಅಲ್ಲಾಡ್ಬೇಡಿ, ಇಲ್ಲಾಂದ್ರೆ ಅದೂ ಇರಲ್ಲ."

ಆ ಓರೆ ಕನ್ನಡಿಯಲ್ಲೇ ಅವನು ಅದನ್ನು ಕಂಡುಹಿಡಿದದ್ದು. ಎಲ್ಪೀದಿಯಾಳಿಗೆ ಹದಿನಾರನೆಯ ವಯಸ್ಸಿನಿಂದ ಅರೆತಲೆನೋವು. ಬಂದರೆ ಎಡಗಣ್ಣಿನ ಹಿಂದೆ ಗೂಟ ಹೊಡೆದಂತೆ ಬರುತ್ತಿತ್ತು. ಬೆಳಕು ಬೇಡ, ಮಾತು ಬೇಡ, ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಹುರಿದ ಘಾಟೂ ಬೇಡ. ತಿಂಗಳಿಗೆ ಮೂರು ಸಲ, ನಾಲ್ಕು ಸಲ. ಹೇಳಿಕೇಳಿ ಬರುವ ಜಾತಿಯದಲ್ಲ. ಕಾಲರು ತಿದ್ದುತ್ತಾ ನಿಂತವಳು ಇದ್ದಕ್ಕಿದ್ದ ಹಾಗೆ ಮೇಜು ಹಿಡಿದು ಕೂತುಬಿಡುತ್ತಿದ್ದಳು. ಮದುವೆಯಾಗಿ ಎರಡನೆಯ ವರ್ಷವಿರಬೇಕು, ಒಂದು ಮಂಗಳವಾರ ಹೆರ್ಮಿಲೊ ಯಾರದೋ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದವನು ಕನ್ನಡಿ ನೋಡಿ ಕೈ ನಿಲ್ಲಿಸಿದ.

"ಪಿಯಾ, ನಿನ್ ಮುಖದ ಎಡಗಡೆ ಬಿಳಿಚ್ಕೊಳ್ತಿದೆ."

"ಸುಮ್ನೆ ಕೆಲ್ಸ ನೋಡು. ನಾನು ಚೆನ್ನಾಗೇ ಇದೀನಿ."

ಅರ್ಧ ಗಂಟೆ ಕಳೆಯಲಿಲ್ಲ, ಗೂಟ ಬಿತ್ತು. ಮುಂದಿನ ಸಲವೂ ಹಾಗೇ. ಅದರ ಮುಂದಿನ ಸಲವೂ. ಬಲಗೆನ್ನೆ ಇಸ್ತ್ರಿಯ ಕಾವಿಗೆ ಕೆಂಪಗೇ ಇರುತ್ತದೆ, ಎಡಗೆನ್ನೆ ಮಾತ್ರ ಕಣತಲೆಯಿಂದ ಕೆಳಕ್ಕೆ ಬಣ್ಣ ಇಳಿಸಿಕೊಳ್ಳುತ್ತದೆ. ಬೇರೆ ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ. ಚೋಲೆಯ ಕಣ್ಣಿಗೇ ಬೀಳಲಿಲ್ಲ ಅಂದಮೇಲೆ ಇನ್ನು ಹೇಳುವುದೇನಿದೆ. ಮುಖಗಳನ್ನು ನೋಡಿಯೇ ಅನ್ನ ತಿನ್ನುವ ಹೆರ್ಮಿಲೊಗೆ ಬೀಳುತ್ತಿತ್ತು.

ಅಲ್ಲಿಂದ ಇಪ್ಪತ್ತೇಳು ವರ್ಷ ಆ ಮನೆಯಲ್ಲಿ ಒಂದು ಮಾತು ನಡೆಯಿತು. "ಪಿಯಾ, ಎಡಗಡೆ ಬಿಳಿಚ್ಕೊಳ್ತು. ಪೆಟ್ಟಿಗೆ ಆರಿಸು." ಅವಳು ತಕರಾರಿಲ್ಲದೆ ಆರಿಸುತ್ತಿದ್ದಳು. ಗುಳಿಗೆ ನುಂಗಿ, ತಂಬಾಕಿನೆಲೆಯ ಎರಡು ದುಂಡು ಬಿಲ್ಲೆ ಕತ್ತರಿಸಿ, ಮುಲಾಮು ಸವರಿ ಎರಡೂ ಕಣತಲೆಗೆ ಅಂಟಿಸಿಕೊಂಡು, ಪರದೆ ಎಳೆದು ಮಲಗುತ್ತಿದ್ದಳು. ಗೂಟ ಬರುವಷ್ಟರಲ್ಲಿ ಅವಳು ತಯಾರು. ಅರ್ಧಕ್ಕರ್ಧ ಸಲ ಅದು ಬಂದರೂ ಮೊಂಡಾಗಿ ಬರುತ್ತಿತ್ತು. ಇಪ್ಪತ್ತೇಳು ವರ್ಷದಲ್ಲಿ ಅವಳ ಪೆಟ್ಟಿಗೆಯ ಅಡಿ ಒಂದು ಅಂಗಿಯೂ ಸುಡಲಿಲ್ಲ.

ಆಮೇಲೆ ಸಕ್ಕರೆ ಕಾಯಿಲೆ ಹೆರ್ಮಿಲೊನ ಕಣ್ಣು ತಿಂದಿತು. ಮೊದಲು ಅಂಚುಗಳು, ಆಮೇಲೆ ನಡುವಿನದು. ಕೊನೆಯ ಗಿರಾಕಿಯ ಕಿವಿಯ ಹಿಂದೆ ರಕ್ತ ಬರಿಸಿದ ದಿನ ಅವನು ಕತ್ತರಿಗಳನ್ನೆಲ್ಲ ಎಣ್ಣೆ ಸವರಿ ಡಬ್ಬಿಗೆ ಹಾಕಿದ. ಅಂಗಡಿ ಮುಚ್ಚಿತು. ಕುರ್ಚಿ ಉಳಿಯಿತು, ಕನ್ನಡಿ ಉಳಿಯಿತು. ಗಿರಾಕಿಗಳು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ತಾನೇ ಕೂತು, ರೇಡಿಯೋ ಸಣ್ಣಗೆ ಹಾಕಿಕೊಂಡು, ಕಾಣದ ಕನ್ನಡಿಯ ಕಡೆ ಮುಖ ಮಾಡಿರುತ್ತಿದ್ದ. ಪಾತ್ರೆ ಈಗಲೂ ಅವನೇ ತೊಳೆಯುತ್ತಿದ್ದ, ತಡವಿ ತಡವಿ.

ಅರೆತಲೆನೋವು ಮತ್ತೆ ಕಳ್ಳನ ಹಾಗೆ ಬರತೊಡಗಿತು. ಕಣ್ಣು ಹೋದ ಮೂರನೆಯ ವರ್ಷದ ಈಸ್ಟರಿನ ಹೊತ್ತಿಗೆ ಎಲ್ಪೀದಿಯಾ ಒಂದು ಮಗುವಿನ ನಾಮಕರಣದ ಬಿಳಿ ಅಂಗಿ ಇಸ್ತ್ರಿ ಮಾಡುತ್ತಿದ್ದಳು. ಆ ಮಗುವಿನ ಅಜ್ಜಿಯೂ ಅದೇ ಅಂಗಿಯಲ್ಲಿ ನಾಮಕರಣವಾದವಳು. ಲೇಸು ಮುಟ್ಟಿದರೆ ಹರಿಯುವಷ್ಟು ನವೆದಿತ್ತು. ಗೂಟ ಬಿತ್ತು, ಕಣ್ಣು ಕತ್ತಲಿಟ್ಟಿತು, ಅವಳು ಮೇಜು ಹಿಡಿದುಕೊಂಡಳು. ಪೆಟ್ಟಿಗೆ ಅಂಗಿಯ ಎದೆಯ ಮೇಲೇ ಉಳಿಯಿತು. ಸುಟ್ಟ ವಾಸನೆಗೆ ಹೆರ್ಮಿಲೊ ಎದ್ದು ಗೋಡೆ ತಡಕಿಕೊಂಡು ಬಂದು, ವಯರು ಹುಡುಕಿ ಕಿತ್ತ. ಅಂಗಿಯ ಮೇಲೆ ಪೆಟ್ಟಿಗೆಯ ಆಕಾರದ ಕಂದು ಗುರುತು.

"ಏನಾಯ್ತು? ಪಿಯಾ, ಏನ್ ಸುಟ್ಟೋಯ್ತು?"

"ಏನಿಲ್ಲ. ಚಿಂದಿ ಬಟ್ಟೆ," ಎಂದಳು.

ಅವಳು ಸುಳ್ಳು ಹೇಳಿದ್ದು ಅವನಿಗೆ ಗೊತ್ತಾಯಿತು. ಗೋಡೆ ಹಿಡಿದುಕೊಂಡು ವಾಪಸ್ ಹೋಗಿ ಕುರ್ಚಿಯಲ್ಲಿ ಕೂತ.

ಅವಳಿಗೆ ಅಂಗಿ ಸುಟ್ಟ ದುಃಖ ಇತ್ತು, ಇರಲಿಲ್ಲ ಅಂತಲ್ಲ. ಆ ಮನೆಯವರ ಕಾಲು ಹಿಡಿಯುವುದೊಂದು ಬಾಕಿ. ಆದರೆ ನಿಜವಾಗಿ ಅವಳ ಕರುಳು ಕಿತ್ತುಬಂದದ್ದು ಬೇರೆಯದಕ್ಕೆ. ಅವಳಿಗೆ ಆ ಮಾತು ಬೇಕಿತ್ತು. "ಪಿಯಾ, ಎಡಗಡೆ ಬಿಳಿಚ್ಕೊಳ್ತು" ಅನ್ನುವ ಆ ಅವಸರವಿಲ್ಲದ ದನಿ ಬೇಕಿತ್ತು. ಗುಳಿಗೆ ಅಂಗಡಿಯಲ್ಲಿ ಸಿಗುತ್ತದೆ, ಬಿಲ್ಲೆಗೆ ತಂಬಾಕು ಸಂತೆಯಲ್ಲಿ ಸಿಗುತ್ತದೆ. ದಿನಕ್ಕೆ ನೂರು ಸಲ ತನ್ನ ಮುಖ ನೋಡುತ್ತಿದ್ದ ಗಂಡ ಎಲ್ಲಿ ಸಿಗಬೇಕು? ಅವಳೇ ಒಂದೆರಡು ವಾರ ಕನ್ನಡಿ ನೋಡಿಕೊಂಡು ಇಸ್ತ್ರಿ ಮಾಡಿದಳು. ಬಟ್ಟೆ ನೋಡಿದರೆ ಮುಖ ಇಲ್ಲ, ಮುಖ ನೋಡಿದರೆ ಬಟ್ಟೆ ಇಲ್ಲ. ನೋಡಿದಾಗಲೂ ಅವಳಿಗೆ ಕಂಡದ್ದು ಐವತ್ತೆಂಟು ವರ್ಷದ ಒಂದು ದಣಿದ ಮುಖ ಅಷ್ಟೇ.

ಭಾನುವಾರಗಳೂ ಹೋಗಿದ್ದವು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕಣ್ಣು ಹೋದ ವರ್ಷದಿಂದ ಹೆರ್ಮಿಲೊ ಭಾನುವಾರವೂ ಅವಳನ್ನು ಮುಟ್ಟುತ್ತಿರಲಿಲ್ಲ. ಅಂಗಡಿಯ ಕುರ್ಚಿಯ ಪಕ್ಕ ಮಂಚ ಹಾಕಿಸಿಕೊಂಡು ಅಲ್ಲೇ ಮಲಗುತ್ತಿದ್ದ. ಕೇಳಿದರೆ, "ನಂಗೆಲ್ಲಾ ವಾರವೂ ಒಂದೇ ಥರ ಕಾಣ್ಸುತ್ತೆ ಕಣೇ. ಎಲ್ಲಾದ್ರೂ ತಪ್ಪಿ ಬುಧವಾರ ಮುಟ್ಬಿಟ್ರೆ? ನಿನ್ ಬಾಯಿ ಸೊಟ್ಟಗಾದ್ರೆ ನನ್ನ ಬಯ್ಯೋಕೂ ಆಗಲ್ಲ ನಿಂಗೆ," ಎಂದು ನಗಿಸಿಬಿಡುತ್ತಿದ್ದ. ಅವಳು ನಗುತ್ತಿದ್ದಳು, ಒಳಗೆ ಹೋಗಿ ಅಳುತ್ತಿದ್ದಳು. ಗಂಡನಿಗೆ ತಾನು ಬೇಡವಾದೆ ಎಂದೇ ಅವಳು ತಿಳಿದಿದ್ದಳು.

ಹೀಗಿರುವಾಗ ಒಂದು ದಿನ ಯರೆಲಿ ಡಾಕ್ಟರಮ್ಮ ಬಿಳಿ ಕೋಟುಗಳ ಗಂಟು ತಂದಳು. ವಿಶ್ವವಿದ್ಯಾಲಯದ ಕಡೆಯ ಹುಡುಗಿ, ಮೂವತ್ತರ ಒಳಗಿನವಳು, ಮಾತಿಗೆ ಚುರುಕು. ಎಲ್ಪೀದಿಯಾಳ ಎರಡೂ ಕಣತಲೆಯ ಮೇಲೆ ಬಿಲ್ಲೆಗಳಿದ್ದದ್ದು ನೋಡಿ ಗಂಟು ಕೆಳಗಿಟ್ಟು, ಹಿರಿಯ ಹೆಂಗಸರನ್ನು ಕರೆಯುವ ಹಾಗೆ ದೊನ್ಯಾ ಎಂದು ಕರೆದು ಕೇಳಿದಳು.

"ಅರೆತಲೆನೋವಾ, ದೊನ್ಯಾ ಎಲ್ಪೀದಿಯಾ? ಎಷ್ಟು ವರ್ಷದಿಂದ?"

"ನೀನು ಹುಟ್ಟೋಕೂ ಮುಂಚಿಂದ ತಾಯಿ."

"ನಾವು ಅದನ್ನೇ ನೋಡ್ತಿದೀವಿ ನಮ್ ಲ್ಯಾಬಲ್ಲಿ. ಸೂಜಿ ಇಲ್ಲ, ಗುಳಿಗೆ ಇಲ್ಲ. ಸುಮ್ನೆ ಕೂತ್ಕೊಳ್ಳೋದು. ಮುಖದ ಚರ್ಮದ ಕೆಳಗೆ ರಕ್ತ ಎಷ್ಟು ಓಡ್ತಿದೆ ಅಂತ ಒಂದು ಕ್ಯಾಮೆರಾ ನೋಡುತ್ತೆ. ತಲೆಗೊಂದು ಟೋಪಿ ಹಾಕ್ತೀವಿ, ಅದು ಮಿದುಳು ಏನ್ ಮಾಡ್ತಿದೆ ಅಂತ ಕೇಳುತ್ತೆ. ಎರಡಕ್ಕೂ ಏನಾದ್ರೂ ನಂಟಿದೆಯಾ ಅಂತ."

ಎಲ್ಪೀದಿಯಾಳ ಕೈಯಲ್ಲಿದ್ದ ಕೋಟು ಕೈಯಲ್ಲೇ ಉಳಿಯಿತು. "ನೋವು ಬರೋಕೆ ಮುಂಚೆನೇ ಮುಖ ಹೇಳುತ್ತಾ?"

"ಹೇಳ್ಬಹುದು. ಗೊತ್ತಿಲ್ಲ ಅಂತಲೇ ಹುಡುಕ್ತಿರೋದು."

ಕುರ್ಚಿಯ ಕಡೆಯಿಂದ ದನಿ ಬಂತು. "ಅದಕ್ಕೊಂದು ಯಂತ್ರ ಬೇಕಾಯ್ತೇನಮ್ಮ? ನಾನು ಇಪ್ಪತ್ತೇಳು ವರ್ಷ ಬಿಟ್ಟಿ ಮಾಡಿದೀನಿ ಆ ಕೆಲಸಾನ." ಹೇಳಿ ನಕ್ಕ. ಆಮೇಲೆ ರೇಡಿಯೋ ದನಿ ಜಾಸ್ತಿ ಮಾಡಿದ. ಆ ನಗು ಎಲ್ಪೀದಿಯಾಳ ಎದೆಗೆ ಚುಚ್ಚಿತು. ಅವಳು ಕೂಡಲೇ ಬರುತ್ತೇನೆ ಅಂದುಬಿಟ್ಟಳು. ಅವನು ಕಂಡದ್ದು ನಿಜವೆಂದು ಯಾರಾದರೂ ಓದಿದವರು ಹೇಳಲಿ, ಆ ಮಾತನ್ನು ಅವನ ಮುಂದೆ ತಂದಿಡುತ್ತೇನೆ ಅನ್ನುವುದು ಅವಳ ಆಸೆ. ಅದರಿಂದ ಏನಾಗುತ್ತದೆ ಅಂತ ಅವಳಿಗೇ ಗೊತ್ತಿರಲಿಲ್ಲ. ಅವನು ಮತ್ತೆ ತನ್ನ ಕಡೆ ತಿರುಗಬಹುದು ಅಂತ ಒಂದು ಹಂಬಲ.

ಮೊದಲ ದಿನವೇ ಎಡವಟ್ಟಾಯಿತು. ಬೆಳಿಗ್ಗೆ ಕೋಟುಗಳನ್ನು ಇಸ್ತ್ರಿ ಮಾಡಿ, ಅವನ್ನೇ ಕೈಯಲ್ಲಿ ಹಿಡಿದು ಅವಳು ಲ್ಯಾಬಿಗೆ ಹೋದಳು. ಟೋಪಿ ಅಂದರೆ ಉಣ್ಣೆಯ ಟೋಪಿ ಅಂದುಕೊಂಡಿದ್ದಳು ಪಾಪ. ಅದು ನೋಡಿದರೆ ತುಂಬ ತೂತುಗಳ ಬಲೆ; ಒಂದೊಂದು ತೂತಿಗೂ ತಣ್ಣನೆಯ ಲೇಪ ತುಂಬಬೇಕು. ಯರೆಲಿ ಮೊದಲ ಚುಕ್ಕೆ ಹಚ್ಚಿದ್ದೇ ತಡ, ಎಲ್ಪೀದಿಯಾ ಕುರ್ಚಿಯಿಂದ ನೆಗೆದಳು.

"ಅಯ್ಯೋ, ತೆಗಿ ತೆಗಿ! ಇಸ್ತ್ರಿ ಮೈ ನಂದು!"

ಯರೆಲಿ ನಗಲಿಲ್ಲ. ಈ ಊರಿನವಳೇ ತಾನೆ. "ನಮ್ಮಜ್ಜಿನೂ ಹೀಗೇ," ಎಂದು ಒಣಬಟ್ಟೆಯಿಂದ ಒರೆಸಿದಳು. "ಸರಿ, ಇಸ್ತ್ರಿ ಮಾಡದಿರೋ ದಿನ ಬನ್ನಿ."

ಇಸ್ತ್ರಿ ಮಾಡದೆ ಎರಡು ದಿನ ಹೋದಳು. ಎರಡು ಗಂಟೆ, ಮೂರು ಗಂಟೆ ಕೂತಳು. ಮುಖ ಏನೂ ಹೇಳಲಿಲ್ಲ. ಹೇಳಲು ನೋವು ಬರಬೇಕಲ್ಲ. ಅವಳ ನೋವಿಗೂ ಇಸ್ತ್ರಿಯ ಕಾವಿಗೂ ಮೊದಲಿನಿಂದ ನೆಂಟಸ್ತಿಕೆ. ಸುಮ್ಮನೆ ಕೂತ ದಿನ ಅದು ಹತ್ತಿರ ಸುಳಿಯುತ್ತಿರಲಿಲ್ಲ. ಎರಡನೆಯ ದಿನದ ಕೊನೆಗೆ ಯರೆಲಿ ಸಂಕೋಚದಿಂದಲೇ ಹೇಳಿದಳು, "ಇನ್ನೊಂದೇ ಸಲ ಜಾಗ ಇದೆ ದೊನ್ಯಾ, ಬರೋ ಬುಧವಾರ. ಆಮೇಲೆ ಬೇರೆಯವರ ಸರದಿ. ನೀವು ಇಸ್ತ್ರಿ ಮಾಡಿ ಬಂದ್ರೇನೇ ಏನಾದ್ರೂ ಕಾಣೋದು. ಬಲವಂತ ಇಲ್ಲ."

ಮನೆಗೆ ಬಂದು ಎಲ್ಪೀದಿಯಾ ಚೋಲೆಯ ಮುಂದೆ ಬಾಯಿಬಿಟ್ಟಳು.

"ಹುಚ್ಚು ಹಿಡಿದಿದೆಯೇನೇ ನಿಂಗೆ?" ಚೋಲೆ ತಮಾಲೆಯ ಹಬೆಪಾತ್ರೆಯ ಮುಚ್ಚಳವನ್ನೇ ಕೈಬಿಟ್ಟಳು. "ತೊಮಾಸಾ ನೆನಪಿಲ್ವಾ? ಈ ವಯಸ್ಸಲ್ಲಿ ಮುಖ ಸೊಟ್ಟ ಮಾಡ್ಕೊಂಡು ಎಲ್ಲಿಗೆ ಹೋಗ್ತೀಯ?"

"ಎಲ್ಲಿಗೂ ಹೋಗಲ್ಲ ಚೋಲೆ. ಸೊಟ್ಟಗಾದ್ರೂ ನೋಡೋರು ಯಾರಿದಾರೆ ನನ್ನ?"

ಚೋಲೆ ಬಿದ್ದ ಮುಚ್ಚಳ ಎತ್ತಿ ಪಾತ್ರೆಗೆ ಹಾಕಿದಳು. ಒಂದು ತಮಾಲೆ ಸುತ್ತಿ ಎಲ್ಪೀದಿಯಾಳ ಕೈಗೆ ಕೊಟ್ಟು ಮೂಗು ಒರೆಸಿಕೊಂಡಳು.

ಬುಧವಾರ ಎಲ್ಪೀದಿಯಾ ನಸುಕಿನಿಂದ ಹತ್ತು ಗಂಟೆಯವರೆಗೆ ಇಸ್ತ್ರಿ ಮಾಡಿದಳು. ಹೋಟೆಲಿನ ಮೇಜುಬಟ್ಟೆ, ಮಾಣಿಗಳ ಅಂಗಿ, ಕೈಗೆ ಸಿಕ್ಕಿದ್ದೆಲ್ಲ. ಹಣೆಯಿಂದ ಬೆವರು ತೊಟ್ಟಿಕ್ಕಿತು. ಆಮೇಲೆ ತಲೆಗೂ ಮುಖಕ್ಕೂ ಶಾಲು ಸುತ್ತಿ, ಗಾಳಿಗೆ ಬೆನ್ನು ಕೊಟ್ಟು ನಡೆದಳು. ಕುರ್ಚಿಯಲ್ಲಿದ್ದ ಹೆರ್ಮಿಲೊಗೆ ಸಂತೆಗೆ ಹೋಗುತ್ತೇನೆ ಅಂದಿದ್ದಳು.

ಯರೆಲಿ ಕಾವು ಇಳಿಯಲೆಂದು ಅರ್ಧ ಗಂಟೆ ಸುಮ್ಮನೆ ಕೂರಿಸಿದಳು. ಆಮೇಲೆ ಬಲೆಟೋಪಿ ತಂದಳು. "ಹಚ್ಚಲಾ?"

"ಹಚ್ಚು ತಾಯಿ." ಎಲ್ಪೀದಿಯಾ ಕಣ್ಣು ಮುಚ್ಚಿ ಕುರ್ಚಿಯ ಕೈ ಹಿಡಿದಳು. ಗ್ವಾದಲೂಪೆ ತಾಯಿಗೆ ಹರಕೆ ಹೊತ್ತಳು, ತೊಮಾಸಾ ಅತ್ತೆಯ ಕ್ಷಮೆ ಕೇಳಿದಳು. ಲೇಪ ಒಂದೊಂದೇ ತೂತಿನಲ್ಲಿ ತಣ್ಣಗೆ ಇಳಿಯಿತು. ನಾಲಿಗೆಯಿಂದ ಬಾಯಿಯ ಎರಡೂ ಮೂಲೆ ಮುಟ್ಟಿ ನೋಡಿಕೊಳ್ಳುತ್ತಲೇ ಇದ್ದಳು. ಎರಡೂ ಅಲ್ಲಲ್ಲೇ ಇದ್ದವು.

ಮಬ್ಬು ಕೋಣೆ, ಮುಖದ ಮುಂದೆ ಪುಟ್ಟ ಕ್ಯಾಮೆರಾ, ಪಕ್ಕದಲ್ಲಿ ಯರೆಲಿಯ ಕಂಪ್ಯೂಟರ್ ಪರದೆ. ಎಷ್ಟು ಹೊತ್ತು ಕೂತಿದ್ದಳೋ. ಯರೆಲಿ ಪರದೆಯ ಹತ್ತಿರ ಬಾಗಿದಳು.

"ದೊನ್ಯಾ, ನೋವಿದೆಯಾ ಈಗ?"

"ಇಲ್ಲ."

"ಎಡಗೆನ್ನೆ, ಎಡ ಹಣೆ. ರಕ್ತ ಇಳೀತಿದೆ ಅಲ್ಲಿ. ಬಲಗಡೆ ಹಾಗೇ ಇದೆ."

ಮೂರು ವರ್ಷದ ಮೇಲೆ ಯಾರೋ ಆ ಮಾತು ಆಡಿದ್ದರು. ಮುಖ ಅಲ್ಲಾಡಿಸಬಾರದು ಅಂದಿದ್ದರು, ಎಲ್ಪೀದಿಯಾ ಅಲ್ಲಾಡಿಸದೇ ಅತ್ತಳು. ಕಣ್ಣೀರು ತಾನಾಗಿ ಇಳಿದು ಕತ್ತಿಗೆ ಹೋಯಿತು. ಇಪ್ಪತ್ತು ನಿಮಿಷಕ್ಕೆ ಎಡಗಣ್ಣಿನ ಹಿಂದೆ ಗೂಟ ಬಿತ್ತು.

ಯರೆಲಿ ಟೋಪಿ ತೆಗೆದು, ಗುಳಿಗೆ ಕೊಟ್ಟು, ಪರದೆಯ ಬೆಳಕು ತಗ್ಗಿಸಿ ತೋರಿಸಿದಳು. ಒಂದು ಮುಖ, ಬಲ ಅರ್ಧ ಕೆಂಪು, ಎಡ ಅರ್ಧ ನೀಲಿಗೆ ತಿರುಗಿತ್ತು. ಕೆಳಗೆ ಮಿದುಳಿನ ಗೀಟುಗಳು. ಅವೂ ಅದೇ ಹೊತ್ತಿಗೆ ತಮ್ಮ ಕುಣಿತ ಬದಲಿಸಿದ್ದವು. "ಯಾವುದು ಯಾವುದನ್ನ ಎಬ್ಬಿಸ್ತು, ನಂಗೊತ್ತಿಲ್ಲ. ನಿಮ್ಮೊಬ್ರನ್ನ ನೋಡಿ ಎಲ್ಲರಿಗೂ ಹೀಗೇ ಅನ್ನೋಕೂ ಆಗಲ್ಲ. ಆದ್ರೆ ನಿಮ್ಮ ಯಜಮಾನ್ರು ಸುಳ್ಳು ಹೇಳಿಲ್ಲ ದೊನ್ಯಾ." ಆಮೇಲೆ ಅವಳು ತನ್ನ ಎರಡೂ ಕೈಯನ್ನು ಎಲ್ಪೀದಿಯಾಳ ಕೆನ್ನೆಗಳ ಮೇಲಿಟ್ಟಳು. "ನೋಡಿ, ಯಂತ್ರನೂ ಬೇಡ. ಕೈಗೇ ಗೊತ್ತಾಗ್ತಿದೆ. ಈ ಕಡೆ ತಣ್ಣಗಿದೆ."

"ನಿನ್ ಲೇಪಕ್ಕಿರಬೇಕು."

"ಲೇಪ ಹಚ್ಚಿದ್ದು ತಲೆಗೆ. ಕೆನ್ನೆಗಲ್ಲ."

ಎಲ್ಪೀದಿಯಾ ಆ ನೋವಿನಲ್ಲೂ ಅವಳ ಕೈಗಳನ್ನು ಹಾಗೇ ಹಿಡಿದುಕೊಂಡಳು, ಬಿಡಲಿಲ್ಲ.

ಮಾರನೆಯ ದಿನ ಗುರುವಾರ. ಬಾಯಿ ಸೊಟ್ಟಗಾಗಿರಲಿಲ್ಲ, ಕನ್ನಡಿಯಲ್ಲಿ ನೋಡಿದಳು, ಸೀಟಿ ಹೊಡೆದು ನೋಡಿದಳು, ಸಾಲದೆಂದು ಚೋಲೆಗೂ ತೋರಿಸಿದಳು. ಹತ್ತು ಅಂಗಿ ಇಸ್ತ್ರಿ ಮಾಡಿ, ಪೆಟ್ಟಿಗೆ ನಿಲ್ಲಿಸಿ, ಅವಳು ಹೆರ್ಮಿಲೊನ ಕುರ್ಚಿಯ ಮುಂದೆ ಹೋಗಿ ನಿಂತಳು. ಲ್ಯಾಬಿನಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ತಣ್ಣನೆಯ ಲೇಪ ಹಚ್ಚಿಸಿಕೊಂಡದ್ದು ಕೇಳಿ ಅವನು ಕುರ್ಚಿಯಲ್ಲಿ ಸೆಟೆದು ಕೂತ.

"ಇಸ್ತ್ರಿ ಮೈಗಾ? ನೀನಾ?"

"ನಾನೇ. ನೀನು ಕಂಡಿದ್ದು ನಿಜ ಅಂತೆ. ಡಾಕ್ಟರಮ್ಮನೇ ಹೇಳಿದ್ಲು."

"ಅದು ನಂಗೊತ್ತಿಲ್ವಾ." ಆದರೆ ಅವನ ಮುಖ ಅರಳಿತ್ತು.

"ಕೈ ಕೊಡು ಈಗ."

"ಇವತ್ತು ಯಾವ ವಾರ?"

"ಗುರುವಾರ. ಇಸ್ತ್ರಿ ಮೈನೇ. ಕೊಡು ಅಂದೆ."

ಅವನು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. "ಬೇಡ ಪಿಯಾ. ಪ್ರಯೋಜನ ಇಲ್ಲ."

"ಯಾಕೆ? ಅಷ್ಟು ಬೇಡವಾದ್ನಾ ನಾನು?" ಮೂರು ವರ್ಷದ್ದು ಒಮ್ಮೆಲೇ ಬಂತು ಅವಳಿಗೆ. "ಕಣ್ಣು ಹೋಯ್ತು, ಸರಿ, ಅದು ದೇವರ ಕೆಲಸ. ಭಾನುವಾರ ಯಾಕೆ ಹೋಯ್ತು? ಅದು ಯಾರ ಕೆಲಸ?"

ಹೆರ್ಮಿಲೊ ಕೈಗಳನ್ನು ಹೊರತೆಗೆದು ತೊಡೆಯ ಮೇಲಿಟ್ಟ.

"ಬೆರಳು ಸತ್ತಿವೆ ಕಣೇ. ಸಕ್ಕರೆ ಅದನ್ನೂ ತಿಂದಿದೆ. ಮುಟ್ಟಿದ್ರೆ ನಿನ್ ಕೆನ್ನೆನೋ, ಮೇಜೋ, ನಂಗೆ ಗೊತ್ತಾಗಲ್ಲ. ಮೊದಲ್ನೇ ಭಾನುವಾರನೇ ಗೊತ್ತಾಯ್ತು. ನಿನ್ನ ಮುಟ್ಟಿ ಏನೂ ಅನ್ನಿಸ್ದೇ ಇರೋದು... ಅದಕ್ಕಿಂತ ಮುಟ್ದೇ ಇರೋದೇ ಮೇಲು ಅಂದ್ಕೊಂಡೆ."

ಎಲ್ಪೀದಿಯಾ ಅವನ ಮುಂದೆ ನೆಲದ ಮೇಲೆ ಕೂತಳು. ಮೂರು ವರ್ಷ ಅವಳು ಅಳುತ್ತಿದ್ದ ಕೋಣೆಗೂ ಅವನು ಕೂತಿದ್ದ ಕುರ್ಚಿಗೂ ನಡುವೆ ಹತ್ತು ಹೆಜ್ಜೆ. ಇಬ್ಬರೂ ತಮ್ಮ ತಮ್ಮ ಮೂಲೆಯಲ್ಲಿ ಒಂದೇ ಆಸೆ ಇಟ್ಟುಕೊಂಡು ಕೂತಿದ್ದರು. ದಡ್ಡರು ಅಂದರೆ ಇವರೇ.

ಅವಳ ಕಣ್ಣು ಗೋಡೆಯ ಮೊಳೆಯ ಮೇಲೆ ಬಿತ್ತು. ಅವನ ಹಳೆಯ ಟವೆಲ್ಲುಗಳು ಅಲ್ಲೇ ತೂಗುತ್ತಿದ್ದವು. ಗಿರಾಕಿಯ ಮುಖಕ್ಕೆ ಬಿಸಿ ಟವೆಲ್ ಹಾಕುವ ಮುಂಚೆ ಹೆರ್ಮಿಲೊ ಕಾವು ನೋಡುತ್ತಿದ್ದದ್ದು ಬೆರಳಿನಿಂದ ಅಲ್ಲ, ಮಣಿಕಟ್ಟಿನ ಒಳಭಾಗದಿಂದ. ಕ್ಷೌರದವರೆಲ್ಲ ಹಾಗೇ ನೋಡುವುದು. ನೀರಲ್ಲಿ ನೆಂದ ಬೆರಳನ್ನು ನಂಬಲಾಗದು.

ಅವಳು ಅವನ ಎರಡೂ ಕೈ ಹಿಡಿದು ಮಗುಚಿದಳು. ಮಣಿಕಟ್ಟುಗಳನ್ನು ತನ್ನ ಎರಡೂ ಕೆನ್ನೆಗೆ ಒತ್ತಿದಳು. ಅವು ತಣ್ಣಗಿದ್ದವು. ಅವಳ ಮೈ ಒಮ್ಮೆ ನಡುಗಿತು, ಆದರೆ ಹಿಂದೆ ಸರಿಯಲಿಲ್ಲ.

"ನೋಡು. ಟವೆಲ್ ನೋಡೋ ಹಾಗೆ ನೋಡು."

ಅವನು ಉಸಿರು ಹಿಡಿದಿದ್ದ. ರೇಡಿಯೋ ಏನೋ ಹಾಡುತ್ತಿತ್ತು.

"ಬಿಸಿ ಇದೆ," ಎಂದ. ದನಿ ಒಡೆದಿತ್ತು. "ಎರಡೂ ಒಂದೇ ಥರ ಬಿಸಿ. ಪಿಯಾ, ಗೊತ್ತಾಗ್ತಿದೆ ಕಣೇ. ಇಲ್ಲಿ ಗೊತ್ತಾಗ್ತಿದೆ."

"ಹೂಂ."

"ಒದ್ದೆ ಇದೆ."

"ಬೆವರು."

"ನನ್ ಹತ್ರ ಸುಳ್ಳು ಹೇಳ್ಬೇಡ. ಎರಡೂ ಸರಿ ಇದೆ, ಹೋಗು, ಇಸ್ತ್ರಿ ಮಾಡ್ಕೋ."

ಅವಳು ಹೋಗಲಿಲ್ಲ. ಒಂದು ಬುಟ್ಟಿ ಬಟ್ಟೆ ಅಂದು ಹಾಗೇ ಉಳಿಯಿತು, ಎದುರುಮನೆಯಿಂದ ಎಲ್ಲ ನೋಡಿದ ಚೋಲೆ ಸಂಜೆಯೊಳಗೆ ಕೇರಿಗೆಲ್ಲ ಸುದ್ದಿ ಮುಟ್ಟಿಸಿದಳು.

ಅಂದಿನಿಂದ ಅದೊಂದು ಪದ್ಧತಿಯಾಯಿತು. ನಾಲ್ಕು ಅಂಗಿಗೊಮ್ಮೆ ಎಲ್ಪೀದಿಯಾ ಪೆಟ್ಟಿಗೆ ನಿಲ್ಲಿಸಿ ಕುರ್ಚಿಯ ಹತ್ತಿರ ಬಂದು ಬಗ್ಗುವುದು, ಹೆರ್ಮಿಲೊ ಮಣಿಕಟ್ಟು ಇಡುವುದು. ಸೋಮವಾರ, ಮಂಗಳವಾರ, ವಾರದ ಲೆಕ್ಕವೇ ಬಿಟ್ಟುಹೋಯಿತು. ಪಾತ್ರೆ ಮಾತ್ರ ಅವನೇ ತೊಳೆಯುತ್ತಿದ್ದ. ಒಂದು ಪುರಾವೆ ಸಿಕ್ಕಿತೆಂದು ತೊಮಾಸಾ ಅತ್ತೆಯನ್ನು ಪೂರ್ತಿ ಸುಳ್ಳು ಮಾಡಲು ಎಲ್ಪೀದಿಯಾ ತಯಾರಿರಲಿಲ್ಲ.

ಆ ಗುರುವಾರ ಕಳೆದು ಒಂಬತ್ತನೆಯ ದಿನ, ಶನಿವಾರ ಮಧ್ಯಾಹ್ನ, ಪಕ್ಕದ ಬೀದಿಯಲ್ಲಿ ಯಾರೋ ಮದುವೆಗೆ ಬ್ಯಾಂಡು ಬಾರಿಸುತ್ತಿದ್ದರು. ಎಲ್ಪೀದಿಯಾಳ ಮೇಜಿನ ಮೇಲೆ ವಧುವಿನ ತಾಯಿಯ ರೇಷ್ಮೆ ಲಂಗ ಅರ್ಧ ಇಸ್ತ್ರಿಯಾಗಿತ್ತು. ಅವಳಿಗೆ ನೋವಿಲ್ಲ, ಸುಸ್ತಿಲ್ಲ. ಪದ್ಧತಿ ಎಂದು ಹೋಗಿ ಬಗ್ಗಿದಳು. ಹೆರ್ಮಿಲೊ ಮಣಿಕಟ್ಟುಗಳನ್ನು ಇಟ್ಟ. ತೆಗೆದ. ಕೈ ಅದಲುಬದಲು ಮಾಡಿ ಮತ್ತೆ ಇಟ್ಟ.

"ಪಿಯಾ," ಎಂದ, ಅವಸರವಿಲ್ಲದೆ. "ಎಡಗಡೆ ತಣ್ಣಗಾಯ್ತು. ಪೆಟ್ಟಿಗೆ ಆರಿಸು."

ಎಲ್ಪೀದಿಯಾ ಹೋಗಿ ವಯರು ಕಿತ್ತು, ಲಂಗ ಮಡಿಸಿಟ್ಟು, ತಂಬಾಕಿನೆಲೆಯನ್ನೂ ಕತ್ತರಿಯನ್ನೂ ತಂದು ಅವನ ತೊಡೆಯ ಮೇಲೆ ಇಟ್ಟಳು.

"ಬಿಲ್ಲೆ ನೀನೇ ಅಂಟಿಸು," ಎಂದಳು.